ಬಾತುಕೋಳಿ ಮಾಡಿದವನೇ ಮಗ್ಗವನ್ನೂ ಮಾಡಿದ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಮಹೋತ್ಸವ ಸಮಿತಿಯವರು ಮನೆಗೆ ಬಂದು "ಮಕ್ಕಳಿಗೆ ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳ್ರಿ" ಅಂದರು. ನಾನು ವಿಜ್ಞಾನಿಯಲ್ಲ. ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಐಟಿಐ ಓದಿ ಫಿಟ್ಟರ್ ಆದವನು. ಆಮೇಲೆ ಅದೇ ಕೆಲಸವನ್ನು ಹುಡುಗರಿಗೆ ಕಲಿಸಿ ನಿವೃತ್ತನಾದವನು. ನಮ್ಮದು ನೇಕಾರರ ಮನೆ. ಹಾಗಾಗಿ ನನಗೆ ತಿಳಿದದ್ದನ್ನೇ ಹೇಳುತ್ತೇನೆ. ಇವತ್ತು ನಾನು ನಾಲ್ಕು ಪ್ರಾಣಿಗಳ ಕಥೆ ತಂದಿದ್ದೇನೆ. ಎರಡು ಆನೆ, ಒಂದು ಹುಲಿ, ಒಂದು ಬಾತುಕೋಳಿ. ನಾಲ್ಕಕ್ಕೂ ಜೀವವಿಲ್ಲ. ನಾಲ್ಕೂ ಆಡುತ್ತವೆ. ಮನುಷ್ಯ ಕೈಯಾರೆ ಮಾಡಿದ ಯಂತ್ರದ ಪ್ರಾಣಿಗಳು ಅವು.

ಮೊದಲನೆಯದನ್ನು ಕಣ್ಣಾರೆ ನೋಡಿ ಬಂದಿದ್ದೇನೆ. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ರಂಭಾಪುರಿ ಪೀಠಕ್ಕೆ ನಮ್ಮ ಭಾಗದಿಂದ ಹೋಗಿಬರುವವರು ಬಹಳ ಮಂದಿ. ಆ ಪೀಠಕ್ಕೆ 2024ರ ಡಿಸೆಂಬರಿನಲ್ಲಿ ಒಂದು ಯಂತ್ರದ ಆನೆಯನ್ನು ಕಾಣಿಕೆಯಾಗಿ ಕೊಟ್ಟರು. ಹೆಸರು ವೀರಭದ್ರ. 3 ಮೀಟರ್ ಎತ್ತರ, 800 ಕಿಲೋ ತೂಕ. ಒಳಗೆ ಉಕ್ಕಿನ ಚೌಕಟ್ಟು, ಮೇಲೆ ಫೈಬರ್, ಜಾಳಿಗೆ, ಫೋಮು, ರಬ್ಬರು. ವಿದ್ಯುತ್ ಮೋಟಾರುಗಳಿಂದ ನಡೆಯುತ್ತದೆ. ತಲೆ ಅಲ್ಲಾಡಿಸುತ್ತದೆ, ಕಿವಿ ಬೀಸುತ್ತದೆ, ಕಣ್ಣು ಹೊರಳಿಸುತ್ತದೆ, ಬಾಲ ಆಡಿಸುತ್ತದೆ, ಸೊಂಡಿಲೆತ್ತಿ ನೀರು ಚಿಮ್ಮುತ್ತದೆ. ಇದಕ್ಕೂ ಮೊದಲು, 2023ರ ಫೆಬ್ರುವರಿಯಲ್ಲಿ, ಕೇರಳದ ತ್ರಿಶ್ಶೂರು ಜಿಲ್ಲೆಯ ಇರಿಂಜಾಡಪ್ಪಿಳ್ಳಿ ಶ್ರೀಕೃಷ್ಣ ದೇವಸ್ಥಾನಕ್ಕೆ ಇಂಥದೇ ಆನೆ ಬಂದಿತ್ತು. ಉದ್ದೇಶ ಸರಳ. ದೇವರ ಸೇವೆಗೆ ಆನೆ ಬೇಕು, ಆದರೆ ಕಾಡಿನ ಜೀವವನ್ನು ಸರಪಳಿಯಲ್ಲಿ ಕಟ್ಟಿ ನಿಲ್ಲಿಸುವುದು ಬೇಡ.

ನಮ್ಮ ಜೊತೆ ನನ್ನ ಅತ್ತಿಗೆ ಬಂದಿದ್ದರು. ಎಪ್ಪತ್ತು ದಾಟಿದವರು. ಆನೆ ಕಿವಿ ಬೀಸಿದ ಕೂಡಲೇ ಸೆರಗು ತಲೆಗೆ ಹೊದ್ದು ಕೈ ಮುಗಿದರು. ಮೊಮ್ಮಗ ನಕ್ಕು, "ಅಜ್ಜಿ, ಅದು ಮೋಟರಿಂದು, ಖರೇ ಆನಿ ಅಲ್ಲ" ಅಂದ. ಅವರು ಹೇಳಿದ್ದು ಕೇಳಿರಿ: "ನನಗೂ ಗೊತ್ತೈತಿ ಬಿಡೋ ತಮ್ಮಾ. ಕಲ್ಲಿನ ಬಸವಣ್ಣಗ ಕೈ ಮುಗಿಯಾಕಿಲ್ಲೇನು? ಮಾಡಿದಾಂವ ಆನಿನ್ನ ಎಷ್ಟು ದಿನಾ ನೋಡ್ಯಾನೋ ಏನೋ!"

ಆ ಕೊನೆಯ ಮಾತನ್ನು ನಾನು ಅಲ್ಲೇ ಹಿಡಿದುಕೊಂಡೆ. ಮೊಮ್ಮಗ ಮೋಟಾರು ನೋಡಿದ. ಅಜ್ಜಿ ಮಾಡಿದವನ ಕಣ್ಣು ನೋಡಿದರು. ಎರಡೂ ಸರಿ. ಎರಡೂ ಕೂಡಿದಾಗಲೇ ಆ ಆನೆ ಆದದ್ದು.

ವೀರಭದ್ರ ನಡೆಯುವುದಿಲ್ಲ ಎಂಬುದನ್ನು ಗಮನಿಸಿರಿ. ಅದು ಗಾಲಿಯ ಮೇಲೆ ನಿಂತಿದೆ, ತಳ್ಳಿದರೆ ಸಾಗುತ್ತದೆ. ಆದರೂ ಜೀವವಿದ್ದಂತೆ ಕಾಣುತ್ತದೆ. ಏಕೆ? ನಿಂತ ಆನೆ ನಿಜವಾಗಿ ಏನು ಮಾಡುತ್ತದೆ ಎಂದು ನೆನೆಸಿಕೊಳ್ಳಿ. ಸುಮ್ಮನೆ ನಿಂತಿದ್ದರೂ ಅದರ ಕಿವಿ ಸುಮ್ಮನಿರುವುದಿಲ್ಲ. ಹಾಗಾಗಿ ಕಿವಿ, ಕಣ್ಣು, ಬಾಲ ಇಷ್ಟು ಆಡಿದರೆ ಸಾಕು, ಉಳಿದದ್ದನ್ನು ನಮ್ಮ ಮನಸ್ಸೇ ತುಂಬಿಕೊಳ್ಳುತ್ತದೆ. ಯಾವುದು ಆಡಬೇಕು, ಎಷ್ಟು ನಿಧಾನ ಆಡಬೇಕು ಎಂದು ಗೊತ್ತುಮಾಡುವುದು ಚಿತ್ರಗಾರನ ಕೆಲಸ. ಅದನ್ನು ಆಡಿಸುವುದು ಫಿಟ್ಟರನ ಕೆಲಸ.

ಈಗ ಫಿಟ್ಟರನ ಕೆಲಸಕ್ಕೆ ಬರೋಣ. ಮಕ್ಕಳೇ, ಮೋಟಾರು ಗರಗರ ಸುತ್ತುತ್ತದೆ, ಅದಕ್ಕೆ ಬೇರೆ ಏನೂ ಬರುವುದಿಲ್ಲ. ಆದರೆ ಆನೆಯ ಕಿವಿ ಸುತ್ತುವುದಿಲ್ಲ, ಹಿಂದೆ-ಮುಂದೆ ಆಡುತ್ತದೆ. ಸುತ್ತುವುದನ್ನು ಹಿಂದೆ-ಮುಂದೆ ಆಡುವುದಾಗಿ ಬದಲಿಸಬೇಕಾದರೆ ಏನು ಬೇಕು? ವಿಜ್ಞಾನದ ಪುಸ್ತಕ ತೆಗೆಯಬೇಡಿರಿ. ನಿಮ್ಮ ಓಣಿಗೆ ಹೋಗಿ, ಯಾರದಾದರೂ ಮನೆಯ ಪವರ್‌ಲೂಮಿನ ಮಗ್ಗುಲಿಗೆ ಕೂತು ನೋಡಿರಿ. ಮೋಟಾರು ಮೇಲಿನ ಶಾಫ್ಟನ್ನು ಸುತ್ತಿಸುತ್ತದೆ. ಆ ಶಾಫ್ಟು ನೇರವಾಗಿಲ್ಲ, ನಡುವೆ ಎರಡು ಕಡೆ ಮಡಚಿದೆ. ಅದೇ ಕ್ರ್ಯಾಂಕು. ಅದಕ್ಕೆ ಜೋಡಿಸಿದ ತೋಳು ಹಣಿಗೆಯ ಚೌಕಟ್ಟನ್ನು ಹಿಂದೆ-ಮುಂದೆ ತೂಗುತ್ತದೆ, ಹೊಕ್ಕಿನ ಎಳೆಯನ್ನು ಬಡಿದು ಕೂಡಿಸುತ್ತದೆ. ಆನೆಯ ಕಿವಿಗೂ ನಮ್ಮ ಹಣಿಗೆಗೂ ಲೆಕ್ಕ ಒಂದೇ.

ಕೆಳಗೆ ಇನ್ನೊಂದು ಶಾಫ್ಟು ಇದೆ. ಮೇಲಿನದು ಎರಡು ಸುತ್ತು ಬಂದರೆ ಇದು ಒಂದು ಸುತ್ತು. ಅದರ ಮೇಲೆ ಮೊಟ್ಟೆಯಂತೆ ಓರೆಯಾದ ಗಾಲಿಗಳಿವೆ. ಓಣಿಯವರು ಟ್ಯಾಪೆಟ್ ಅನ್ನುತ್ತಾರೆ, ಪುಸ್ತಕದಲ್ಲಿ ಕ್ಯಾಮ್ ಎಂದಿರುತ್ತದೆ. ಉಬ್ಬಿದ ಭಾಗ ಬಂದಾಗ ಅದು ಕಾಲಹಲಗೆಯನ್ನು ಒತ್ತುತ್ತದೆ, ಹಾಸಿನ ಅರ್ಧ ಎಳೆ ಮೇಲೆ, ಅರ್ಧ ಎಳೆ ಕೆಳಗೆ ಹೋಗಿ ಬಾಯಿ ತೆರೆಯುತ್ತದೆ. ಮತ್ತೊಂದು ಕ್ಯಾಮು ಸರಿಯಾದ ಗಳಿಗೆಗೆ ಕೋಲನ್ನು ಹೊಡೆಯುತ್ತದೆ, ಲಾಳಿ ಆ ಬಾಯೊಳಗಿಂದ ಆಚೆ ಹಾರುತ್ತದೆ. ಗಳಿಗೆ ತಪ್ಪಿದರೆ ಎಳೆ ಹರಿಯುತ್ತದೆ, ಲಾಳಿ ಹೊರಗೆ ಹಾರಿ ಬೀಳುತ್ತದೆ. ಬಾಯಿ ತೆರೆಯುವುದು, ಲಾಳಿ ಹಾರುವುದು, ಹಣಿಗೆ ಬಡಿಯುವುದು, ಬಟ್ಟೆ ಸುತ್ತುವುದು, ಇಷ್ಟೂ ಒಂದೇ ಮೋಟಾರಿನಿಂದ, ಒಂದರ ಹಿಂದೆ ಒಂದು. ಇದನ್ನು ಕಣ್ಣು ಮುಚ್ಚಿಕೊಂಡು ಸದ್ದಿನ ಮೇಲೆಯೇ ಸರಿಮಾಡುವ ಮಂದಿ ಈ ಸಭೆಯಲ್ಲಿ ಕೂತಿದ್ದಾರೆ. ಅವರಿಗೆ ಯಾರೂ ಇಂಜಿನಿಯರ್ ಅನ್ನುವುದಿಲ್ಲ.

ಎರಡನೆಯ ಪ್ರಾಣಿ ಹುಲಿ. ಇದೂ ಕರ್ನಾಟಕದ್ದೇ. ಟಿಪ್ಪು ಸುಲ್ತಾನನಿಗಾಗಿ 1790ರ ದಶಕದಲ್ಲಿ ಮಾಡಿದ ಮರದ ಹುಲಿ. ಕೆಳಗೆ ಬಿದ್ದ ಯೂರೋಪಿನ ಸಿಪಾಯಿಯ ಕುತ್ತಿಗೆಗೆ ಬಾಯಿ ಹಾಕಿ ನಿಂತಿದೆ. ಉದ್ದ 172 ಸೆಂಟಿಮೀಟರ್, ಹೆಚ್ಚುಕಡಿಮೆ ನಿಜವಾದ ಹುಲಿಯ ಅಳತೆ. ಪಕ್ಕದಲ್ಲಿ ಒಂದು ಹಿಡಿಕೆ. ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ. ಸಿಪಾಯಿಯ ಕೈ ಏಳುತ್ತದೆ, ಇಳಿಯುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಹೊಟ್ಟೆಯ ಮಗ್ಗುಲು ತೆರೆದರೆ ಹಾರ್ಮೋನಿಯಂ ಥರ 18 ಕೀಲಿಗಳ ಒಂದು ವಾದ್ಯ! 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಅದನ್ನು ಹೊತ್ತೊಯ್ದರು. 1808ರಿಂದ ಲಂಡನ್ನಿನಲ್ಲಿ ಜನರಿಗೆ ತೋರಿಸತೊಡಗಿದರು. ಇವತ್ತಿಗೂ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಅದನ್ನು ನೋಡಲು ಜನ ಮುಗಿಬೀಳುತ್ತಾರೆ. ಈ ಹುಲಿಯಲ್ಲಿ ಎಷ್ಟು ವಿದ್ಯೆ ಕೂಡಿದೆ ಎಣಿಸಿರಿ: ಮರ ಕೆತ್ತುವ ವಿದ್ಯೆ, ಬಣ್ಣದ ವಿದ್ಯೆ, ಕಮ್ಮಾರರ ತಿದಿಯ ವಿದ್ಯೆ, ಸಂಗೀತದ ವಿದ್ಯೆ. ಒಂದನ್ನು ತೆಗೆದರೆ ಹುಲಿ ಮಲಗಿಬಿಡುತ್ತದೆ.

ಮೂರನೆಯದು ಬಾತುಕೋಳಿ. ನಾನು ಮುಖ್ಯವಾಗಿ ಹೇಳಬೇಕೆಂದಿದ್ದದ್ದು ಈ ಕಥೆಯನ್ನೇ.

ಫ್ರಾನ್ಸಿನಲ್ಲಿ ಝಾಕ್ ದ ವೋಕಾನ್ಸನ್ ಎಂಬ ಒಬ್ಬನಿದ್ದ. ಹುಟ್ಟಿದ್ದು 1709ರಲ್ಲಿ. 1739ರಲ್ಲಿ ಅವನು ಪ್ಯಾರಿಸ್ಸಿನಲ್ಲಿ ಲೋಹದ ಒಂದು ಬಾತುಕೋಳಿ ಮಾಡಿ ತೋರಿಸಿದ. ಅದು ರೆಕ್ಕೆ ಬಡಿಯುತ್ತಿತ್ತು, ಕೂಗುತ್ತಿತ್ತು, ನೀರು ಕುಡಿಯುತ್ತಿತ್ತು, ಕೈಯಲ್ಲಿ ಹಿಡಿದ ಕಾಳು ತಿನ್ನುತ್ತಿತ್ತು. ತಿಂದದ್ದು ಅರಗಿ ಹಿಂದಿನಿಂದ ಬೀಳುತ್ತಿತ್ತು. ಮಕ್ಕಳು ನಗುತ್ತಿದ್ದೀರಿ, ನಗಿರಿ. ಆ ಕಾಲದ ರಾಜರೂ ಪಂಡಿತರೂ ಅದನ್ನೇ ಬಾಯಿ ಬಿಟ್ಟುಕೊಂಡು ನೋಡಿದರು. ರೆಕ್ಕೆಯ ಒಂದೊಂದು ಎಲುಬನ್ನೂ ನಿಜವಾದ ಹಕ್ಕಿಯ ಎಲುಬು ನೋಡಿಯೇ ಮಾಡಿದ್ದೇನೆ ಎಂದು ವೋಕಾನ್ಸನ್ ಬರೆದಿದ್ದಾನೆ. ಅದು ನಿಜ. ಆದರೆ ಅರಗುವುದು ಮಾತ್ರ ಸುಳ್ಳು. ಹಿಂದಿನಿಂದ ಬೀಳುವ ಸರಕನ್ನು ಮೊದಲೇ ಬೇರೆ ಡಬ್ಬಿಯಲ್ಲಿ ತುಂಬಿಟ್ಟಿರುತ್ತಿದ್ದ. ಮುಂದೆ ಅದು ಬಯಲಾಯಿತು. ಆದ್ದರಿಂದ ಮಕ್ಕಳೇ, ವಿಜ್ಞಾನ ವಸ್ತುಪ್ರದರ್ಶನದಲ್ಲಿ ಏನು ಮಾಡಿದರೂ ಆಗುವುದನ್ನಷ್ಟೇ ಆಗುತ್ತದೆ ಎನ್ನಿರಿ. ಇನ್ನೂರೆಂಬತ್ತು ವರ್ಷ ಕಳೆದರೂ ಜನ ಮೊದಲು ಆ ಡಬ್ಬಿಯನ್ನೇ ನೆನೆಸುತ್ತಾರೆ.

ಇಷ್ಟೇ ಆಗಿದ್ದರೆ ಇದು ಆಟದ ಗೊಂಬೆಯ ಕಥೆ ಆಗುತ್ತಿತ್ತು. ಬಾತುಕೋಳಿ ನೋಡಿದ ಸರ್ಕಾರ ಇವನ ಕೈಯ ಕಸುಬು ಗುರುತಿಸಿತು. 1741ರಲ್ಲಿ ಅವನನ್ನು ರೇಷ್ಮೆ ನೇಯ್ಗೆಯ ಕಾರ್ಖಾನೆಗಳ ಇನ್ಸ್‌ಪೆಕ್ಟರ್ ಮಾಡಿತು. ಅವನು ಮಗ್ಗದ ಮುಂದೆ ಕೂತ. 1745ರ ಹೊತ್ತಿಗೆ ತನ್ನಷ್ಟಕ್ಕೆ ತಾನೇ ಹೂ ನೇಯುವ ಮಗ್ಗವನ್ನು ಕಟ್ಟಿದ. ಹಕ್ಕಿಯ ರೆಕ್ಕೆ ಆಡಿಸಿದ ಅದೇ ಬುದ್ಧಿ ಈಗ ಹಾಸಿನ ಎಳೆಗಳನ್ನು ಎತ್ತಿ ಇಳಿಸಿತು. ಆ ಮಗ್ಗ ಅವನ ಕಾಲದಲ್ಲಿ ನಡೆಯಲಿಲ್ಲ, ಪ್ಯಾರಿಸ್ಸಿನ ಸಂಗ್ರಹಾಲಯದಲ್ಲಿ ಧೂಳು ತಿನ್ನುತ್ತ ಕೂತಿತು. ಲಿಯಾನ್ ನಗರದ ನೇಕಾರರ ಮನೆಯ ಮಗನೊಬ್ಬ ಅದನ್ನು ಬಿಚ್ಚಿ ನೋಡಿ, ಕಲಿತು, ತಿದ್ದಿ, 1804ರ ಸುಮಾರಿಗೆ ತನ್ನದೇ ಯಂತ್ರ ಮಾಡಿದ. ಅವನ ಹೆಸರು ನಿಮಗೆಲ್ಲ ಗೊತ್ತು. ಜೋಸೆಫ್ ಮರಿ ಜಕಾರ್ಡ್.

ಹೌದು, ಅದೇ ಜಕಾರ್ಡ್. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ನೆತ್ತಿಯ ಮೇಲೆ ಕೂತು, ತೂತು ಹೊಡೆದ ರಟ್ಟಿನ ಸರ ಸುತ್ತುತ್ತ ಸೀರೆಯ ಅಂಚು, ಸೆರಗು ಬಿಡಿಸುವ ಯಂತ್ರ. ತೂತು ಇದ್ದಲ್ಲಿ ಕೊಕ್ಕೆ ಎಳೆಯನ್ನು ಎತ್ತುತ್ತದೆ, ಇಲ್ಲದಲ್ಲಿ ಬಿಡುತ್ತದೆ. ಇದೆ, ಇಲ್ಲ, ಇದೆ, ಇಲ್ಲ. ಅಷ್ಟರಲ್ಲೇ ನವಿಲೂ ಆಗುತ್ತದೆ, ಮಾವಿನಕಾಯಿಯೂ ಆಗುತ್ತದೆ. ಮುಂದೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಆ ತೂತಿನ ರಟ್ಟುಗಳನ್ನೇ ಬಳಸಬೇಕೆಂದು ಯೋಚಿಸಿದ. ಇವತ್ತಿನ ಕಂಪ್ಯೂಟರಿನ ಹಳೆಯ ಬೇರುಗಳಲ್ಲಿ ಅದೂ ಒಂದು. ಬಾತುಕೋಳಿಯಿಂದ ಮಗ್ಗ, ಮಗ್ಗದಿಂದ ಕಂಪ್ಯೂಟರು. ನಡುವಿನ ಆ ಮೆಟ್ಟಿಲು ನಮ್ಮ ಮನೆಯ ಪಡಸಾಲೆಯಲ್ಲಿ ಖಟಖಟ ಅನ್ನುತ್ತಿದೆ.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ನೇಕಾರರ ಮಗನಾಗಿ ಅದನ್ನು ಬಿಟ್ಟು ಹೋಗಲಾರೆ. ವೋಕಾನ್ಸನ್ ತಂದ ಕಟ್ಟಳೆಗಳ ವಿರುದ್ಧ 1744ರಲ್ಲಿ ಲಿಯಾನ್ ನೇಕಾರರು ದಂಗೆ ಎದ್ದರು. ಅವನು ಊರು ಬಿಟ್ಟು ಓಡಬೇಕಾಯಿತು. ಅವರದು ಹೊಟ್ಟೆಯ ಭಯ. ನಮ್ಮಲ್ಲೂ ಪವರ್‌ಲೂಮ್ ಬಂದಾಗ ಎಷ್ಟೋ ಕೈಮಗ್ಗದ ಕುಣಿಗಳು ಮುಚ್ಚಿದವು. ನಮ್ಮ ಅಜ್ಜನ ಕುಣಿಯ ಮೇಲೆ ಫರ್ಶಿ ಹಾಸಿ ಅಪ್ಪ ಪವರ್‌ಲೂಮ್ ಇಟ್ಟ. ಇವತ್ತು ಆ ಪವರ್‌ಲೂಮಿನ ಸರದಿ ಬಂದಿದೆ. ನೂಲಿನ ದರ ಏರುತ್ತದೆ, ಸೀರೆಯ ದರ ಏರುವುದಿಲ್ಲ. ನಮ್ಮ ಓಣಿಯಲ್ಲೇ ಮಗ್ಗಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದ್ದನ್ನು ನೋಡಿದ್ದೇನೆ. ಬೀಳಗಿ ಕಡೆಯ ಗೆಳೆಯರಿಗೆ ಇದರ ಅರ್ಥ ಬೇರೆ ರೀತಿಯಲ್ಲಿ ಗೊತ್ತು. ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ ಹೋದಾಗ ಹೊಲದ ಜೊತೆ ಕೂರಿಗೆ ಮಾಡುವ ಬಡಿಗೇರನ ಕೆಲಸವೂ ಹೋಯಿತು. ಕಬ್ಬಿಣಕ್ಕೆ ಗುಜರಿಯವನು ರೊಕ್ಕ ಕೊಡುತ್ತಾನೆ. ಕೈಯೊಳಗಿನ ವಿದ್ಯೆಗೆ ಯಾರು ಕೊಡುತ್ತಾರೆ?

ಈ ಪ್ರಶ್ನೆ ಎದುರಿಸಿದ ಒಂದು ಊರಿದೆ. ನಮ್ಮ ನಾಲ್ಕನೆಯ ಪ್ರಾಣಿ ಇರುವುದು ಅಲ್ಲಿಯೇ. ಫ್ರಾನ್ಸಿನ ನಾಂಟ್ ನಗರ. ಲ್ವಾರ್ ನದಿಯ ದ್ವೀಪದಲ್ಲಿ ತಲೆತಲಾಂತರದಿಂದ ಹಡಗು ಕಟ್ಟುತ್ತಿದ್ದರು. 1987ರಲ್ಲಿ ಕೊನೆಯ ಹಡಗುಕಟ್ಟೆಯೂ ಮುಚ್ಚಿತು. ಬೆಸುಗೆಯವರು, ಬಡಿಗರು, ಫಿಟ್ಟರುಗಳು ಮನೆಗೆ ಹೋದರು, ಶೆಡ್ಡುಗಳು ಖಾಲಿ ನಿಂತವು. ಮುಂದೆ ಫ್ರಾಂಸ್ವಾ ದೆಲರೋಝಿಯರ್, ಪಿಯೆರ್ ಒರೆಫಿಸ್ ಎಂಬ ಇಬ್ಬರು ಕಲಾವಿದರು ಆ ಶೆಡ್ಡಿನಲ್ಲಿ ಕಾರ್ಯಾಗಾರ ತೆರೆದು, 2007ರಲ್ಲಿ ಒಂದು ಆನೆಯನ್ನು ಹೊರಗೆ ತಂದರು. ಎತ್ತರ 12 ಮೀಟರ್, ಅಂದರೆ ನಾಲ್ಕಂತಸ್ತಿನ ಮನೆ. ಮರ ಮತ್ತು ಉಕ್ಕು, ತೂಕ 48 ಟನ್ನು. ಸುಮಾರು 50 ಜನರನ್ನು ಹೊತ್ತು ದ್ವೀಪದ ಮೇಲೆ ಅಡ್ಡಾಡುತ್ತದೆ, ರೆಪ್ಪೆ ಬಡಿಯುತ್ತದೆ, ಸೊಂಡಿಲಿನಿಂದ ಮಕ್ಕಳ ಮೇಲೆ ನೀರು ಚಿಮ್ಮುತ್ತದೆ. ನಾನು ವಿಡಿಯೋದಲ್ಲಿ ನೋಡಿದವನು, ಫಿಟ್ಟರನ ಕಣ್ಣಿನಿಂದ ಹತ್ತಾರು ಸಲ ನೋಡಿದ್ದೇನೆ. ಅದರಲ್ಲೂ ಭಾರ ಹೊರುವುದು ಗಾಲಿಯೇ, ಕಾಲುಗಳು ನಡಿಗೆಯನ್ನು ತೋರಿಸುತ್ತವೆ. ಆದರೆ ಅವರು ಯಂತ್ರವನ್ನು ಚರ್ಮದೊಳಗೆ ಮುಚ್ಚಿಟ್ಟಿಲ್ಲ. ಕೀಲು, ಕೊಳವೆ, ಎತ್ತುವ ಸಿಲಿಂಡರು ಎಲ್ಲ ಹೊರಗೇ ಕಾಣುತ್ತವೆ. ನಮ್ಮ ಮಗ್ಗದ ಹಾಗೆ. ಮಾಡುವ ಶೆಡ್ಡನ್ನೂ ಮೇಲಿನಿಂದ ನಿಂತು ನೋಡಬಹುದು.

ಆ ಊರಿಗೆ ಆನೆ ಏಕೆ ಹೊಳೆಯಿತು ಗೊತ್ತೇ? ಕಥೆಗಾರ ಜೂಲ್ಸ್ ವರ್ನ್ ಹುಟ್ಟಿದ್ದು ಅದೇ ನಾಂಟ್‌ನಲ್ಲಿ, 1828ರಲ್ಲಿ. ಅವನ 1880ರ ಒಂದು ಕಾದಂಬರಿಯಲ್ಲಿ ಉಗಿಯಿಂದ ನಡೆಯುವ ಉಕ್ಕಿನ ಆನೆಯೊಂದು ಮನೆಯಂಥ ಗಾಡಿಗಳನ್ನು ಎಳೆದುಕೊಂಡು ಹೋಗುತ್ತದೆ. ಎಲ್ಲಿ? ನಮ್ಮ ಭಾರತದಲ್ಲಿ! 1857ರ ಬಂಡಾಯದ ಹತ್ತು ವರ್ಷಗಳ ನಂತರದ ಕಥೆ ಅದು. ನಮ್ಮ ಮುಧೋಳದ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದು ಎದ್ದು ನಿಂತದ್ದು ಅದೇ ಬಂಡಾಯದ ವರ್ಷ. ನಮ್ಮ ನೆಲದ ಆನೆ ಅವರ ಪುಸ್ತಕಕ್ಕೆ ಹೋಗಿ, ಪುಸ್ತಕದಿಂದ ಶೆಡ್ಡಿಗೆ ಇಳಿದು, ಕೆಲಸ ನಿಂತ ಊರಿಗೆ ಹೊಸ ಹೆಸರು ತಂದಿತು.

ನಮ್ಮೂರಲ್ಲಿ ನಾಳೆಯೇ 12 ಮೀಟರಿನ ಆನೆ ನಿಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಬೇಕಾದ ರೊಕ್ಕ ನಮ್ಮಲ್ಲಿಲ್ಲ. ಒಂದು ಗೊಂಬೆಯಿಂದ ನೇಕಾರರ ಸಾಲ ತೀರುವುದೂ ಇಲ್ಲ. ನಾನು ಕೇಳುವುದು ಚಿಕ್ಕದು, ಅದನ್ನು ಈ ಶಾಲೆ ಮಾಡಬಲ್ಲದು.

ವೇಳಾಪಟ್ಟಿಯಲ್ಲಿ ಚಿತ್ರಕಲೆಯ ಪಿರಿಯಡ್ ಒಂದು ಕಡೆ, ವಿಜ್ಞಾನದ ಪಿರಿಯಡ್ ಇನ್ನೊಂದು ಕಡೆ ಇರುತ್ತದೆ. ಪರೀಕ್ಷೆ ಹತ್ತಿರ ಬಂದರೆ ಚಿತ್ರಕಲೆಯ ಪಿರಿಯಡ್ಡನ್ನು ಗಣಿತಕ್ಕೆ ಕೊಡುವುದು ಎಲ್ಲ ಕಡೆಯ ರೂಢಿ. ಚಿತ್ರ ಬರೆಯುವ ಹುಡುಗ ದಡ್ಡ, ಲೆಕ್ಕ ಮಾಡುವವನು ಜಾಣ, ಕಬ್ಬಿಣ ಹಿಡಿದವನು ಎರಡೂ ಅಲ್ಲ ಎಂಬ ತಿಳಿವಳಿಕೆ ನಮ್ಮ ತಲೆಯಲ್ಲಿ ಕೂತಿದೆ. ಈ ನಾಲ್ಕು ಪ್ರಾಣಿಗಳು ಅದು ಸುಳ್ಳು ಎನ್ನುತ್ತವೆ. ಸಾವಿರ ವರ್ಷದ ಹಿಂದೆ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಕವಿಚಕ್ರವರ್ತಿಯಾದ. ಕಸುಬಿನ ಮನೆಗೂ ಕಲೆಗೂ ಗೋಡೆ ಇಲ್ಲ ಎಂದು ನಮ್ಮ ನೆಲ ಆಗಲೇ ತೋರಿಸಿದೆ.

ಅದಕ್ಕೆ ಈ ಸುವರ್ಣ ಮಹೋತ್ಸವದ ನೆನಪಿಗೆ ಒಂದು ಕೆಲಸ ಸೂಚಿಸುತ್ತೇನೆ. ಶಾಲೆಯ ಅಂಗಳದಲ್ಲಿ ಓಡುವ ಮುಧೋಳ ನಾಯಿಯೊಂದನ್ನು ಮಕ್ಕಳ ಕೈಯಿಂದ ಕಟ್ಟಿಸೋಣ. ಎತ್ತಿನಷ್ಟು ಎತ್ತರ ಇರಲಿ. ನಮ್ಮ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಿಕ್ಕಿತು, ಮುಧೋಳದ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. ಆ ಕೇಂದ್ರಕ್ಕೆ ಒಂದು ದಿನ ಪ್ರವಾಸ ಹೋಗಿರಿ. ಓಡುವುದನ್ನು ನೋಡಿ ಚಿತ್ರ ಬರೆಯಿರಿ. ಈ ಜಾತಿಯ ಓಟದ ನಾಯಿ ಒಂದು ನೆಗೆತದ ಸುತ್ತಿನಲ್ಲಿ ಎರಡು ಸಲ ನಾಲ್ಕೂ ಕಾಲು ನೆಲದಿಂದ ಬಿಡಿಸಿಕೊಳ್ಳುತ್ತದೆ: ಒಮ್ಮೆ ಕಾಲುಗಳೆಲ್ಲ ಹೊಟ್ಟೆಯಡಿ ಕೂಡಿದಾಗ, ಇನ್ನೊಮ್ಮೆ ಮೈ ಬಿಲ್ಲಿನಂತೆ ಚಾಚಿದಾಗ. ಇದನ್ನು ಕಣ್ಣು ಹಿಡಿಯದೆ ಕೈ ಮಾಡಲಾರದು. ಚಿತ್ರಕಲೆಯ ಕೆಲಸ ಅಲ್ಲಿಂದ ಶುರು.

ಎಲುಬು ಎಲ್ಲಿಂದ? ಗುಜರಿಗೆ ಹೊರಟ ಮಗ್ಗದಿಂದ. ಮಡಚಿದ ಶಾಫ್ಟು ಮುಂಗಾಲಿಗೆ, ಹಿಂಗಾಲಿಗೆ ಆಗುತ್ತದೆ. ಕ್ಯಾಮು ಬೆನ್ನು ಬಾಗಿಸಲಿಕ್ಕೆ ಆಗುತ್ತದೆ. ಲಾಳಿ ಹೊಡೆಯುವ ಕೋಲು ಒಳ್ಳೆಯ ಗಟ್ಟಿ ಮರ, ಕಾಲಿನ ಎಲುಬಿಗೆ ಹೇಳಿ ಮಾಡಿಸಿದ್ದು. ಮೋಟಾರು ಮೊದಲಿಗೆ ಬೇಡ. ಟಿಪ್ಪುವಿನ ಹುಲಿಯಂತೆ ಕೈಯಿಂದ ತಿರುಗಿಸುವ ಹಿಡಿಕೆ ಇರಲಿ. ಬೆರಳು ಸಿಕ್ಕುವ ಅಪಾಯ ಕಡಿಮೆ, ಯಾವುದು ಯಾವುದನ್ನು ಎಳೆಯುತ್ತದೆ ಎಂಬುದೂ ಕೈಗೇ ತಿಳಿಯುತ್ತದೆ. ಗುರುಗಳು ಯಾರು? ಮಗ್ಗ ರಿಪೇರಿಯವರು, ತೇರಿನ ಗಾಲಿ ಕೂಡಿಸುವ ಬಡಿಗೇರರು, ಕಮ್ಮಾರರು, ಬೋರ್ಡು ಬರೆಯುವ ಪೇಂಟರುಗಳು. ನೂಲಿನ ಬಿಗುವು ಬೆರಳಿನಲ್ಲೇ ಅಳೆಯುವ, ಕಂಡಿಕೆ ಸುತ್ತುವ ತಾಯಂದಿರನ್ನೂ ಕರೆಯಬೇಕು. ಅವರಿಗೆ ಈ ಶಾಲೆಯಲ್ಲಿ ಕುರ್ಚಿ ಹಾಕಿ "ಸರ", "ಅಕ್ಕೋರ" ಎಂದು ಕರೆಯಿರಿ. ತನ್ನ ಅಪ್ಪನಿಗೆ ಮುಖ್ಯೋಪಾಧ್ಯಾಯರು "ಬರ್ರಿ ಸರ" ಅನ್ನುವುದನ್ನು ಒಬ್ಬ ಹುಡುಗಿ ಕೇಳಿದರೆ, ಆ ವರ್ಷ ಅವಳು ಕಲಿಯುವುದರಲ್ಲಿ ಅದೇ ದೊಡ್ಡದಾದೀತು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಎರಡು. ಯಾರ ಮನೆಯಲ್ಲಿ ನಿಂತ ಮಗ್ಗ ಇದೆಯೋ ಅವರು ಗುಜರಿಗೆ ಹಾಕುವ ಮೊದಲು ಶಾಲೆಗೆ ಒಂದು ಮಾತು ಹೇಳಿರಿ. ಒಂದು ಮಗ್ಗವನ್ನು ಬಿಚ್ಚಿ ಮುಧೋಳ ನಾಯಿ ಮಾಡೋಣ. ಇನ್ನೊಂದನ್ನು ಬಿಚ್ಚದೆ, ಎಣ್ಣೆ ಹಾಕಿ, ಜಕಾರ್ಡ್ ಸಮೇತ ಒಂದು ಕೋಣೆಯಲ್ಲಿ ನಡೆಯುವ ಸ್ಥಿತಿಯಲ್ಲಿ ಇಡೋಣ. ಎರಡನೆಯದು, ವಾರಕ್ಕೆ ಒಂದು ದಿನ ಎರಡು ತಾಸು ಕೊಡಿರಿ. ನಾನು ಶನಿವಾರ ಬರುತ್ತೇನೆ. ಫೈಲು, ಸ್ಪ್ಯಾನರು ನನ್ನವೇ ತರುತ್ತೇನೆ.

ಮಕ್ಕಳೇ, ನಿಮಗೆ ಕೊನೆಯದಾಗಿ ಒಂದು ಮಾತು. ನಿಮ್ಮಲ್ಲಿ ಕೆಲವರು ಇಂಜಿನಿಯರ್ ಆಗುತ್ತೀರಿ, ಕೆಲವರು ಮಾಸ್ತರು ಆಗುತ್ತೀರಿ, ಕೆಲವರು ಹೊಲ ಮಾಡುತ್ತೀರಿ, ಕೆಲವರು ಬೆಂಗಳೂರು, ಪುಣೆ ಸೇರುತ್ತೀರಿ. ಎಲ್ಲಿಗೆ ಹೋದರೂ ಯಾವ ಯಂತ್ರ ಕಂಡರೂ ಎರಡು ಪ್ರಶ್ನೆ ಕೇಳಿರಿ: ಇದು ಹೇಗೆ ಆಡುತ್ತದೆ? ಇದನ್ನು ಮಾಡಿದವನು ಏನನ್ನು ನೋಡಿ ಮಾಡಿದ? ಈ ಎರಡನ್ನು ಬೇರೆಬೇರೆ ಪಿರಿಯಡ್ಡಿಗೆ ಹಾಕಬೇಡಿರಿ. ಬಾತುಕೋಳಿ ಮಾಡಿದವನೇ ಮಗ್ಗವನ್ನೂ ಮಾಡಿದ. ಮಗ್ಗದ ಮುಂದೆ ಬೆಳೆದವರು ಮುಂದೆ ಏನು ಮಾಡುತ್ತಾರೆ ಎಂಬುದನ್ನು ನೋಡಲು ನಾವು ಹಿರಿಯರು ಕಾಯುತ್ತಿದ್ದೇವೆ.

 ನಮ್ಮ ಶಾಲೆ ನೂರರ ಹಬ್ಬ ಕಾಣಲಿ. ಜೈ ಹಿಂದ್, ಜೈ ಕರ್ನಾಟಕ.